ಶಹಾಬಾದಿ ಫರ್ಸಿ ಬಾರಿಸುವ ಯಂತ್ರ: ಬೀಟ್‌ಸ್ಟೆಪ್ ಪ್ರೊ ಮತ್ತು ಎಂಟು ಸೊಲೆನಾಯ್ಡುಗಳು

ಮಂಗಳಾರತಿಯ ಹೊತ್ತಿಗೆ ಸ್ವಿಚ್ ಒತ್ತಿದರೆ ನಗಾರಿ, ಜಾಗಟೆ, ಗಂಟೆಗಳನ್ನು ತಾನೇ ಬಾರಿಸುವ ಮೋಟಾರಿನ ಯಂತ್ರವನ್ನು ಯಾವುದಾದರೂ ಗುಡಿಯಲ್ಲಿ ನೋಡದವರು ಕಲಬುರಗಿಯಲ್ಲಿ ಕಡಿಮೆ. ತಿರುಗುವ ದಂಡಕ್ಕೆ ಕೂಡಿಸಿದ ಉಬ್ಬುಗಳು ಕೋಲನ್ನು ಎತ್ತಿ ಬಿಡುತ್ತವೆ, ಉಬ್ಬು ಎಲ್ಲಿದೆಯೋ ಅಲ್ಲಿ ಪೆಟ್ಟು ಬೀಳುತ್ತದೆ. ಲಯ ಬದಲಿಸಬೇಕೆಂದರೆ ದಂಡವನ್ನೇ ಬಿಚ್ಚಬೇಕಾಗುತ್ತದೆ. ಆ ಉಬ್ಬುಗಳನ್ನು ಯಂತ್ರ ಓಡುತ್ತಿರುವಾಗಲೇ ಕಿತ್ತು ಬೇರೆಡೆ ನೆಡಲು ಬರುವಂತಿದ್ದರೆ ಅದನ್ನೇ ಸೀಕ್ವೆನ್ಸರ್ ಎನ್ನಬಹುದು. ಇಲ್ಲಿ ಹೇಳಹೊರಟಿರುವುದು ಅಂತಹ ಒಂದು ಸೀಕ್ವೆನ್ಸರಿನ ಬಗ್ಗೆ, ಮತ್ತು ಅದರ ಮಾತು ಕೇಳಿ ಕಲ್ಲು ಬಾರಿಸುವ ಎಂಟು ಕೈಗಳ ಬಗ್ಗೆ.

ಕಾಲೇಜಿನ ನಾಟಕವೊಂದಕ್ಕೆ ಸಂಗೀತ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಥೆ ಕಲ್ಲುಗಣಿಯ ಕೂಲಿಕಾರರದು. ಗಣಿಯ ಸದ್ದನ್ನು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಬಿಡುವುದು ಸುಲಭವಿತ್ತು, ಆದರೆ ರಂಗದ ಮೇಲೆ ಕಲ್ಲೇ ಇರುವಾಗ ಸದ್ದು ಪೆಟ್ಟಿಗೆಯಿಂದ ಬರುವುದು ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಫ್ರಾನ್ಸಿನ ಆರ್ಟೂರಿಯಾ ಕಂಪನಿಯ, 2015ರಲ್ಲಿ ಬಂದ ಬೀಟ್‌ಸ್ಟೆಪ್ ಪ್ರೊ ಯಂತ್ರವನ್ನು ಕೊಂಡು, ಬಾರಿಸುವ ಭಾಗವನ್ನು ಮನೆಯಲ್ಲೇ ಕಟ್ಟಿಕೊಂಡೆ. ಬರ್ಲಿನ್ನಿನ ದಾದಾಮಷೀನ್ಸ್ ಸಂಸ್ಥೆಯ ಆಟೊಮ್ಯಾಟ್, ಪೋಲೆಂಡಿನ ಪಾಲಿಎಂಡ್ ಸಂಸ್ಥೆಯ ಪರ್ಕ್ ಮುಂತಾದ ಸಿದ್ಧ ಯಂತ್ರಗಳೂ ಇದ್ದವು, ಆದರೆ ಹೊರದೇಶದಿಂದ ತರಿಸಿ ಸುಂಕ ಕಟ್ಟುವಷ್ಟು ಹಣ ನಾಟಕದ ಖಾತೆಯಲ್ಲಿರಲಿಲ್ಲ.

ಬೀಟ್‌ಸ್ಟೆಪ್ ಪ್ರೊದಲ್ಲಿ ಮೂರು ಸೀಕ್ವೆನ್ಸರುಗಳಿವೆ. ಎರಡು ಸ್ವರಕ್ಕೆ, ಒಂದು ತಾಳಕ್ಕೆ. ತಾಳದ ಸೀಕ್ವೆನ್ಸರಿನಲ್ಲಿ 16 ವಾದ್ಯಗಳಿಗೆ ಜಾಗವಿದ್ದು, ಒಂದು ಆವರ್ತನವನ್ನು 64 ಸ್ಟೆಪ್‌ಗಳವರೆಗೆ, ಅಂದರೆ ಪೆಟ್ಟು ಇಡಬಹುದಾದ ಮನೆಗಳವರೆಗೆ, ಬೆಳೆಸಬಹುದು. ಸ್ಟೆಪ್‌ಗಳ ಗುಂಡಿಗಳು ದೀಪದಂತೆ ಹೊತ್ತಿ ಆರುವುದರಿಂದ, ಯಾವ ಪೆಟ್ಟು ಎಲ್ಲಿದೆ ಎಂಬುದು ಕತ್ತಲೆಯ ಸೈಡ್ ವಿಂಗಿನಲ್ಲಿ ಕುಳಿತವನಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಯುಎಸ್‌ಬಿ ವಿದ್ಯುತ್ತಿನಿಂದ ನಡೆಯುವುದರಿಂದ ಪವರ್ ಬ್ಯಾಂಕ್ ಸಾಕು, ತಾಲೀಮಿನ ನಡುವೆ ಕರೆಂಟ್ ಹೋದಾಗಲೂ ಲಯ ಕೆಡದೆ ಓಡುತ್ತಿರುತ್ತದೆ. ಕಲ್ಲು ಬಾರಿಸುವ ಕೈಗಳು ಮಾತ್ರ ನಿಂತಿರುತ್ತವೆ.

ನನಗೆ ಬಹಳ ಹಿಡಿಸಿದ್ದು ತಾಳದ ಸಾಲುಗಳಿಗೆ ಬೇರೆ ಬೇರೆ ಉದ್ದ ಕೊಡುವ ಸೌಲಭ್ಯ. ಕಲ್ಲಿನ ಸಾಲನ್ನು ತೀನ್‌ತಾಲದಂತೆ 16 ಸ್ಟೆಪ್‌ಗಳಿಗೆ ಇಟ್ಟು, ಜಾಗಟೆಯ ಸಾಲನ್ನು ರೂಪಕದಂತೆ 7ಕ್ಕೆ ಕತ್ತರಿಸಿದರೆ ಎರಡೂ ಸಮಕ್ಕೆ ಕೂಡುವುದು 112 ಸ್ಟೆಪ್‌ಗಳ ನಂತರ. ನಿಮಿಷಕ್ಕೆ 100ರ ಲಯದಲ್ಲಿ, ಮಾತ್ರೆಗೆ ನಾಲ್ಕು ಸ್ಟೆಪ್‌ನಂತೆ, ಇದು ಸುಮಾರು 17 ಸೆಕೆಂಡಿಗೊಮ್ಮೆ ಆಗುತ್ತದೆ. ಗಣಿಯಲ್ಲಿ ಹತ್ತು ಜನ ಹತ್ತು ಕಡೆ ಕಲ್ಲು ಒಡೆಯುವಾಗ ಪೆಟ್ಟುಗಳು ಚದುರಿ, ಒಮ್ಮೆ ಇದ್ದಕ್ಕಿದ್ದಂತೆ ಕೂಡಿ ಬರುತ್ತವಲ್ಲ, ಅದೇ ಅನುಭವ ಎರಡೇ ಸಾಲುಗಳಲ್ಲಿ ಸಿಕ್ಕಿತು.

ಬಾರಿಸುವ ಕೈ ಎಂದರೆ ಸೊಲೆನಾಯ್ಡ್. ತಂತಿಯ ಸುರುಳಿಗೆ ವಿದ್ಯುತ್ ಹರಿದಾಗ ನಡುವಿನ ಕಬ್ಬಿಣದ ಸರಳು ಮುಂದೆ ಜಿಗಿಯುತ್ತದೆ, ವಿದ್ಯುತ್ ನಿಂತಾಗ ಸ್ಪ್ರಿಂಗ್ ಅದನ್ನು ಹಿಂದೆಳೆಯುತ್ತದೆ. ಅಂಗಡಿ ಬೋರ್ಡುಗಳ ಎಲ್‌ಇಡಿಗೆ ಹಾಕುವ 12 ವೋಲ್ಟಿನ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲೇ ಸಿಕ್ಕಿತು, ಸೊಲೆನಾಯ್ಡುಗಳನ್ನು ಮಾತ್ರ ಆನ್‌ಲೈನಿನಲ್ಲಿ ತರಿಸಿದೆ. ಎಂಟರಲ್ಲಿ ಎರಡು ಹುಟ್ಟಾ ದುರ್ಬಲವಾಗಿದ್ದವು, ಮಾರಿದವರು ಬದಲಿಸಿ ಕೊಡಲಿಲ್ಲ. ಪ್ರತಿ ಸುರುಳಿಗೂ ಸಣ್ಣ ಸಂಕೇತದಿಂದ ದೊಡ್ಡ ವಿದ್ಯುತ್ತನ್ನು ಹಾಕಿ ಆರಿಸುವ ಸ್ವಿಚ್ಚಿನಂತೆ ಒಂದು ಮಾಸ್‌ಫೆಟ್ ಬೇಕು ಮತ್ತು ಸುರುಳಿಗೆ ಅಡ್ಡಲಾಗಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇರಲೇಬೇಕು. ಇಲ್ಲವಾದರೆ ವಿದ್ಯುತ್ ನಿಂತ ಕ್ಷಣದಲ್ಲಿ ಸುರುಳಿಯಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜ್ ಮಾಸ್‌ಫೆಟ್ಟನ್ನು ಸುಟ್ಟುಬಿಡುತ್ತದೆ.

ಬೀಟ್‌ಸ್ಟೆಪ್ ಪ್ರೊದ ಹಿಂಬದಿಯಲ್ಲಿ ತಾಳಕ್ಕೆಂದೇ ಎಂಟು ಗೇಟ್ ಔಟ್‌ಪುಟ್‌ಗಳಿವೆ. ಅವುಗಳಿಂದ ಮಾಸ್‌ಫೆಟ್‌ಗಳನ್ನು ನೇರವಾಗಿ ನಡೆಸಿದಾಗ ಒಂದೇ ಸಂಜೆಯಲ್ಲಿ ಕಲ್ಲು ಮಾತಾಡಿತು. ಆದರೆ ಗೇಟ್ ಎಂದರೆ ಇದೆ ಅಥವಾ ಇಲ್ಲ ಎಂಬಷ್ಟೇ ಸಂಕೇತ, ಜೋರು ಮೆಲುವು ಅದಕ್ಕೆ ತಿಳಿಯದು. ಎಲ್ಲ ಪೆಟ್ಟೂ ಒಂದೇ ತೂಕದಲ್ಲಿ ಬಿದ್ದಾಗ ಕೇಳಿಸಿದ್ದು ಗುಡಿಯ ಯಂತ್ರವೇ. ಹೀಗಾಗಿ ಗೇಟುಗಳನ್ನು ಬಿಟ್ಟು, ಸಂಗೀತ ಯಂತ್ರಗಳು ಒಂದಕ್ಕೊಂದು ಮಾತಾಡುವ ಭಾಷೆಯಾದ ಮಿಡಿಯ ದಾರಿಗೆ ಬಂದೆ. 1983ರಿಂದ ಬಳಕೆಯಲ್ಲಿರುವ ಮಿಡಿಯಲ್ಲಿ ಪ್ರತಿ ಪೆಟ್ಟಿನ ಜೊತೆಗೆ ಅದರ ಬಲವೂ 127ರವರೆಗಿನ ಅಂಕಿಯಾಗಿ ಬರುತ್ತದೆ. ಆ ಅಂಕಿಯನ್ನು ಆರ್ಡುಯಿನೊ ಎಂಬ, ನಾವೇ ಕೋಡ್ ಬರೆದು ನಡೆಸುವ ಪುಟ್ಟ ಬೋರ್ಡ್ ಓದಿ, ಸುರುಳಿಗೆ ಎಷ್ಟು ಮಿಲಿಸೆಕೆಂಡ್ ವಿದ್ಯುತ್ ಕೊಡಬೇಕೆಂದು ತೀರ್ಮಾನಿಸುತ್ತದೆ. ಹೆಚ್ಚು ಹೊತ್ತು ಕೊಟ್ಟಷ್ಟೂ ಪೆಟ್ಟು ಜೋರಾಗುತ್ತದೆ, ಆದರೆ ಒಂದು ಮಿತಿ ದಾಟಿದರೆ ಸರಳು ಕಲ್ಲಿಗೆ ಒತ್ತಿಕೊಂಡು ನಿಂತು ನಾದವನ್ನೇ ಅಡಗಿಸುತ್ತದೆ.

ಇಲ್ಲಿಯೇ ಈ ಇಡೀ ವ್ಯವಸ್ಥೆಯ ನಿಜವಾದ ಕೊರತೆ ಕಾಣಿಸಿಕೊಂಡಿತು. ಪರೀಕ್ಷೆಗೆಂದು ನಾನು ಆರಿಸಿದ ಲಯ ಅವ್ವ ಜೋಳದ ರೊಟ್ಟಿ ಬಡಿಯುವುದು. ಹಿಟ್ಟು ದಪ್ಪವಿರುವಾಗ ಭಾರವಾಗಿ ಬೀಳುವ ಅಂಗೈ, ರೊಟ್ಟಿ ತೆಳ್ಳಗಾಗಿ ಅಗಲವಾದಂತೆ ಹಗುರಾಗುತ್ತ ಹೋಗುತ್ತದೆ, ನಡುವೆ ರೊಟ್ಟಿ ತಿರುಗಿಸಲು ಅರೆಕ್ಷಣದ ಎಳೆತವೂ ಇರುತ್ತದೆ. ಆ ಎಳೆತವನ್ನು, ಒಂದು ಬಿಟ್ಟು ಒಂದು ಸ್ಟೆಪ್ಪನ್ನು ತುಸು ತಡಮಾಡುವ ಸ್ವಿಂಗ್ ಗುಂಡಿಯಿಂದ ತಂದೆ, ಪೆಟ್ಟಿನ ಬಲವನ್ನು 110ರಿಂದ 50ಕ್ಕೆ ಇಳಿಸುತ್ತ ಬಂದೆ. ಕೇಳಿದರೆ ಕೊನೆಕೊನೆಯ ಪೆಟ್ಟುಗಳೆಲ್ಲ ನಿದ್ದೆಗಣ್ಣಿನಲ್ಲಿ ಬಡಿದಂತಿದ್ದವು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಲೆಗಳನ್ನು ಹಿಗ್ಗಿಸಿ ನೋಡಿದಾಗ ಕಾರಣ ಸಿಕ್ಕಿತು. ಮೆಲ್ಲಗಿನ ಪೆಟ್ಟಿನಲ್ಲಿ ಸರಳಿನ ವೇಗ ಕಡಿಮೆಯಿರುವುದರಿಂದ ಅದು ಕಲ್ಲನ್ನು ತಲುಪುವುದೇ ತಡ, ನನ್ನ ಸೊಲೆನಾಯ್ಡುಗಳಲ್ಲಿ ಈ ವ್ಯತ್ಯಾಸ 13 ಮಿಲಿಸೆಕೆಂಡಿನಷ್ಟಿತ್ತು. ಮನುಷ್ಯನ ಕೈ ಮೆಲ್ಲಗೆ ಬಾರಿಸಬೇಕಾದಾಗ ತಾನಾಗಿಯೇ ಮೊದಲೇ ಹೊರಡುತ್ತದೆ, ಯಂತ್ರಕ್ಕೆ ಆ ಮುಂದಾಲೋಚನೆಯಿಲ್ಲ. ಸೀಕ್ವೆನ್ಸರಿನ ಲಯದಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ ಎಂಬುದನ್ನು ಹೇಳಲೇಬೇಕು. ಪರಿಹಾರವೆಂದರೆ ಜೋರು ಪೆಟ್ಟುಗಳನ್ನು ಬೇಕೆಂದೇ ತಡೆಹಿಡಿದು ಎಲ್ಲವನ್ನೂ ಒಂದೇ ತಡಕ್ಕೆ ತರುವುದು. ಆರ್ಡುಯಿನೊದಲ್ಲಿ ಇಪ್ಪತ್ತು ಸಾಲು ಕೋಡಿನ ಕೆಲಸ, ಆದರೆ ಹಿಡಿದದ್ದು ಮೂರು ರಾತ್ರಿ. ಅವ್ವನಿಗೆ ಕೇಳಿಸಿದಾಗ, ಇದು ಯಾರದೋ ಮನೆಯ ರೊಟ್ಟಿ ಎಂದು ನಕ್ಕರು.

ಕಲ್ಲಿನ ಬಗ್ಗೆಯೂ ಎರಡು ಮಾತು ಹೇಳಬೇಕು. ಗೌಂಡಿಗಳು ಫರ್ಸಿಯನ್ನು, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಯನ್ನು, ಬೆರಳಗೆಣ್ಣಿನಿಂದ ತಟ್ಟಿ, ಠಣ್ ಎಂದರೆ ಒಳ್ಳೆಯದು, ಬೊದ್ದೆಂದರೆ ಒಳಗೆ ಸೀಳಿದೆ ಎಂದು ಬೇರ್ಪಡಿಸುತ್ತಾರೆ. ಅದೇ ಪರೀಕ್ಷೆಯಲ್ಲಿ ಪಾಸಾದ ಶಹಾಬಾದಿ ಕಲ್ಲನ್ನು ಪಾಲಿಶ್ ಕಾರ್ಖಾನೆಯಲ್ಲಿ ಪಟ್ಟಿಗಳಾಗಿ ಕೊಯ್ಯಿಸಿದೆ. ದಪ್ಪ ಒಂದೇ ಇರುವಾಗ ಪಟ್ಟಿಯ ಉದ್ದವನ್ನು ಅರ್ಧ ಮಾಡಿದರೆ ಶ್ರುತಿ ಎರಡು ಸಪ್ತಕ ಮೇಲೇರುತ್ತದೆ, ಒಂದೇ ಸಪ್ತಕ ಬೇಕಿದ್ದರೆ 40 ಸೆಂಟಿಮೀಟರಿನ ಪಟ್ಟಿಯ ಜೊತೆಗೆ ಸುಮಾರು 28 ಸೆಂಟಿಮೀಟರಿನದು ಬೇಕು. ಪಟ್ಟಿಯನ್ನು ಎರಡೂ ತುದಿಗಳಿಂದ ಉದ್ದದ ಶೇಕಡಾ 22ರಷ್ಟು ಒಳಗೆ, ಅಂದರೆ 40ರ ಪಟ್ಟಿಗೆ ಸುಮಾರು 9 ಸೆಂಟಿಮೀಟರಿನಲ್ಲಿ, ಹಗ್ಗದ ಮೇಲೆ ಕೂಡಿಸಿದರೆ ಮಾತ್ರ ನಾದ ತುಂಬಿ ಬರುತ್ತದೆ, ಏಕೆಂದರೆ ಆ ಎರಡು ಜಾಗಗಳು ಕಂಪಿಸುವುದಿಲ್ಲ. ಸರಳಿನ ತುದಿಗೆ ಹಳೆಯ ಸೈಕಲ್ ಟ್ಯೂಬಿನ ಚೂರು ಅಂಟಿಸಿದ ಮೇಲೆ ಲೋಹದ ಕಟಕಟ ಅರ್ಧ ಇಳಿಯಿತು. ಪೂರ್ತಿ ಹೋಗಿಲ್ಲ, ಮೊದಲ ಸಾಲಿನಲ್ಲಿ ಕುಳಿತವರಿಗೆ ಈಗಲೂ ಕೇಳಿಸುತ್ತದೆ.

ಒಂದು ಅವಘಡವನ್ನು ನನ್ನ ಅಜಾಗರೂಕತೆಯ ಲೆಕ್ಕಕ್ಕೇ ಬರೆಯಬೇಕು. ಪೆಟ್ಟಿನ ಅವಧಿಯನ್ನು ಆರ್ಡುಯಿನೊಗೆ ಒಪ್ಪಿಸುವ ಮೊದಲು ಒಮ್ಮೆ, ಪೆಟ್ಟಿನ ಆರಂಭದ ಸಂಕೇತ ಬಂದು, ಮುಗಿಯುವ ಸಂಕೇತ ಬರುವ ಮೊದಲೇ ನನ್ನ ಕಾಲು ತಗುಲಿ ಕೇಬಲ್ ಕಳಚಿತು. ಸುರುಳಿಯಲ್ಲಿ ವಿದ್ಯುತ್ ಹರಿಯುತ್ತಲೇ ಇತ್ತು, ಕೆಲ ನಿಮಿಷಗಳಲ್ಲಿ ಸುಟ್ಟ ವಾರ್ನಿಶಿನ ವಾಸನೆ ಕೋಣೆ ತುಂಬಿತು. ಈಗ ಏನೇ ಆದರೂ 30 ಮಿಲಿಸೆಕೆಂಡಿಗೆ ವಿದ್ಯುತ್ ಕಡಿಯುವಂತೆ ಬರೆದಿದ್ದೇನೆ. ನಮ್ಮೂರಿನ ಮೇ ತಿಂಗಳಿನಲ್ಲಿ ಸುರುಳಿಗಳು ಮೊದಲೇ ಬಿಸಿಯಾಗಿರುತ್ತವೆ, ಬಿಸಿಯಾದ ತಾಮ್ರದಲ್ಲಿ ವಿದ್ಯುತ್ ಕಡಿಮೆ ಹರಿದು ಪೆಟ್ಟು ಸಪ್ಪೆಯಾಗುತ್ತದೆ. ಎರಡು ತಾಸಿನ ತಾಲೀಮಿಗೆ ಒಂದು ಟೇಬಲ್ ಫ್ಯಾನ್ ಅನ್ನು ಇವುಗಳಿಗೆಂದೇ ಇಡಬೇಕಾಯಿತು.

ಚರ್ಮವಾದ್ಯವಾದ ಹಲಗೆಯನ್ನೂ ಯಂತ್ರದಿಂದಲೇ ಬಾರಿಸಬೇಕೆಂಬ ಆಸೆಯನ್ನು ಮಾತ್ರ ಒಂದೇ ದಿನಕ್ಕೆ ಕೈಬಿಟ್ಟೆ. ಹಲಗೆಯವರ ಬಲಗೈಯ ಕೋಲಿಗೂ ಎಡಗೈಯ ಸಣ್ಣ ಕಡ್ಡಿಗೂ ನಡುವೆ ನಡೆಯುವ ಮಾತುಕತೆಯನ್ನು ಮೇಲೆ ಕೆಳಗೆ ಹೋಗುವ ಒಂದು ಸರಳಿಗೆ ಕಲಿಸಲಾಗದು. ನಾಟಕದಲ್ಲಿ ಕಲ್ಲು ಯಂತ್ರದ್ದು, ಹಲಗೆ ಮನುಷ್ಯರದು ಎಂದು ಹಂಚಿದೆವು. ಮೊದಲ ತಾಲೀಮಿನಲ್ಲಿ ಹಲಗೆಯ ಕಾಕಾ ಕೋಲು ಕೆಳಗಿಟ್ಟು, "ನಾ ತಡದ್ರ ಅದು ತಡ್ಯಂಗಿಲ್ಲಲ್ಲೋ ತಮ್ಮಾ" ಎಂದರು. ಯಂತ್ರದಲ್ಲಿ ಟ್ಯಾಪ್ ಗುಂಡಿಯೊಂದಿದೆ, ಬೆರಳಿನಿಂದ ತಟ್ಟಿದ ವೇಗಕ್ಕೆ ಲಯ ಹೊಂದಿಕೊಳ್ಳುತ್ತದೆ. ಈಗ ಕಾಕಾ ಬಾರಿಸುತ್ತಿದ್ದಂತೆ ನಾನು ಅವರ ಕೋಲನ್ನೇ ನೋಡುತ್ತ ಆ ಗುಂಡಿಯನ್ನು ತಟ್ಟುತ್ತಿರುತ್ತೇನೆ, ಕಲ್ಲುಗಳು ಅವರ ಹಿಂದೆ ಬರುತ್ತವೆ.