ಜಿಡಿಬಿ ಜೊತೆ 8 ವರ್ಷ: ಮನೆ ನಂಬರ್ ಬದಲಾದರೆ ದಾರಿ ತಪ್ಪುವ ಡಿಬಗರ್

ಬದಿಯಡ್ಕದಲ್ಲಿ ಮನೆಯಿಂದಲೇ ಕೆಲಸ ಮಾಡುವವನು ನಾನು. ಅಡಿಕೆ ಅಂಗಡಿಗಳಿಗೆ ತೂಕದ ಲೆಕ್ಕ, ಬಿಲ್ಲು ಬರೆಯುವ ಸಣ್ಣ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಮಾಡಿಕೊಡುತ್ತೇನೆ. ಜಿಡಿಬಿ ಅಂದರೆ ಓಡುವ ಪ್ರೋಗ್ರಾಮಿನೊಳಗೆ ಇಣುಕಿ ತಪ್ಪು ಹುಡುಕುವ ಸಾಧನ, ಡಿಬಗರ್. 2017ರಲ್ಲಿ ಡೆಬಿಯನ್ 9 ಅನ್ನುವ ಲಿನಕ್ಸ್ ಹಾಕಿದಾಗಿನಿಂದ ಅದಿಲ್ಲದೆ ಒಂದು ವಾರವೂ ಕಳೆದಿಲ್ಲ. ಬ್ರೇಕ್‌ಪಾಯಿಂಟ್, ವಾಚ್‌ಪಾಯಿಂಟ್ ಇವೆಲ್ಲ ಚೆನ್ನಾಗಿವೆ, ಅದರ ಬಗ್ಗೆ ಹೇಳಲು ಹೊಸತೇನೂ ಇಲ್ಲ. ನನಗೆ ಹೇಳಬೇಕಾದದ್ದು ಸಿಂಬಲ್ (ಪ್ರೋಗ್ರಾಮಿನ ಫಂಕ್ಷನ್‌ಗಳ ಹೆಸರು, ಸಾಲಿನ ನಂಬರ್ ಇತ್ಯಾದಿ) ಹುಡುಕುವ ಅದರ ಬುದ್ಧಿಯ ಬಗ್ಗೆ.

2023ರ ಜೂನ್‌ನಲ್ಲಿ ಡೆಬಿಯನ್ 12 ಬಂತು. ಮಳೆ ಮುಗಿದ ಮೇಲೆ ಪೆರ್ಲದ ಒಂದು ಅಂಗಡಿಯ ಕಂಪ್ಯೂಟರನ್ನು 9ರಿಂದ ಮೆಟ್ಟಿಲು ಮೆಟ್ಟಿಲಾಗಿ 12ಕ್ಕೆ ಏರಿಸಿದೆ. ಎರಡು ವಾರ ಎಲ್ಲ ಸರಿ. ಒಂದು ಸಂಜೆ ಫೋನ್ ಬಂತು. ತೂಕ ನಿಂತುಹೋಗಿದೆ, ಪರದೆ ಅಲ್ಲಾಡುತ್ತಿಲ್ಲ. ‘ಗೋಣಿ ಎತ್ತಿದ ಕೂಡಲೇ ನಿಲ್ತದೆ’ ಅಂದರು ಅಂಗಡಿಯವರು. ಗೋಣಿಗೂ ಸಾಫ್ಟ್‌ವೇರಿಗೂ ಏನು ಸಂಬಂಧ ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಓಡುತ್ತಿದ್ದ ಪ್ರೋಗ್ರಾಂಗೆ ಜಿಡಿಬಿ ಅಂಟಿಸಿ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತು ಅನ್ನುವ ಪಟ್ಟಿ) ಕೇಳಿದೆ. ಮೇಲಿನ ಸಾಲಲ್ಲಿ ಸಿ ಲೈಬ್ರರಿಯ ‘ರೀಡ್’ ಅಂತ ಹೆಸರು ಕಂಡಿತು. ಅದರ ಕೆಳಗೆ ನನ್ನ ಫಂಕ್ಷನ್‌ಗಳಿರಬೇಕಾದ ಕಡೆ ಪ್ರತಿ ಸಾಲಲ್ಲೂ ಎರಡೆರಡು ಪ್ರಶ್ನೆಚಿಹ್ನೆ. ನಾನೇ ಬರೆದ ಕೋಡ್, ನನಗೇ ಪ್ರಶ್ನೆ ಹಾಕುತ್ತಿದೆ. ಸಿಂಬಲ್‌ಗಳನ್ನು ಬೇರೆಯಾಗಿ ಇಟ್ಟ ಡಿಬಗ್ ಫೈಲ್ ಡಿಸ್ಕಿನಲ್ಲೇ ಇದೆ! ಲಿಸ್ಟ್ ಹಾಕಿದರೆ ಕಾಣುತ್ತದೆ. ಒಂದು ಬೈಟೂ ಬದಲಾಗಿಲ್ಲ.

ಬದಲಾದದ್ದು ದಾರಿ. ಮೊದಲು /ಬಿನ್, /ಎಸ್‌ಬಿನ್, /ಲಿಬ್ ಫೋಲ್ಡರುಗಳು ಬೇರೆ, /ಯುಎಸ್‌ಆರ್ ಒಳಗಿನವು ಬೇರೆ. ಯುನಿಕ್ಸ್‌ನ ಶುರುವಿನಲ್ಲಿ ಒಂದು ಡಿಸ್ಕ್ ತುಂಬಿ ಇನ್ನೊಂದಕ್ಕೆ ಹರಡಿದ್ದರಿಂದ ಹಾಗಾಯಿತು ಅಂತ ಹಳಬರು ಹೇಳುತ್ತಾರೆ. ಈಗ ಎಲ್ಲವನ್ನೂ /ಯುಎಸ್‌ಆರ್ ಒಳಗೆ ಸೇರಿಸಿ, ಹಳೆ ಜಾಗದಲ್ಲಿ ಬರೀ ಸಿಮ್‌ಲಿಂಕ್ (ಹೊಸ ಜಾಗಕ್ಕೆ ದಾರಿ ತೋರುವ ಫಲಕ) ಇಟ್ಟಿದ್ದಾರೆ. ಫೆಡೋರಾ 17 ಅನ್ನುವ ಇನ್ನೊಂದು ಲಿನಕ್ಸ್ ಇದನ್ನು 2012ರಲ್ಲೇ ಮಾಡಿತ್ತು. ಡೆಬಿಯನ್ 12ರಲ್ಲಿ ಕಡ್ಡಾಯವಾಯಿತು. ಸಾಮಾನ್ಯ ಬಳಕೆಗೆ ಏನೂ ಗೊತ್ತಾಗುವುದಿಲ್ಲ, ಹಳೆ ದಾರಿಯಲ್ಲಿ ಹೋದರೂ ಅದೇ ಮನೆ ಸಿಗುತ್ತದೆ.

ಆದರೆ ಜಿಡಿಬಿಗೆ ಹಾಗಲ್ಲ. ಓಡುತ್ತಿರುವ ಪ್ರೋಗ್ರಾಂ ಎಲ್ಲಿದೆ ಅಂತ ಕರ್ನಲ್ (ಲಿನಕ್ಸ್‌ನ ತಿರುಳು) ಹತ್ತಿರ ಕೇಳಿದರೆ ಅದು ಸಿಮ್‌ಲಿಂಕ್ ಬಿಟ್ಟು ನಿಜವಾದ ಜಾಗ ಹೇಳುತ್ತದೆ: /ಯುಎಸ್‌ಆರ್/ಎಸ್‌ಬಿನ್. ಜಿಡಿಬಿ ಆ ದಾರಿಯನ್ನೇ ಡಿಬಗ್ ಫೋಲ್ಡರಿನ ಹಿಂದೆ ಅಂಟಿಸಿ /ಯುಎಸ್‌ಆರ್/ಲಿಬ್/ಡಿಬಗ್/ಯುಎಸ್‌ಆರ್/ಎಸ್‌ಬಿನ್ ಅಂತ ಹುಡುಕುತ್ತದೆ. ನನ್ನ ಫೈಲ್ ಕೂತಿರುವುದು /ಯುಎಸ್‌ಆರ್/ಲಿಬ್/ಡಿಬಗ್/ಎಸ್‌ಬಿನ್‌ನಲ್ಲಿ. 2017ರಲ್ಲಿ ನಾನೇ ಬರೆದ ಇನ್‌ಸ್ಟಾಲ್ ಸ್ಕ್ರಿಪ್ಟ್ ಅಲ್ಲಿಟ್ಟಿತ್ತು. ಹೊರಗಿನ ಮನೆ ಸೇರಿಸಿದರು, ಡಿಬಗ್ ಫೋಲ್ಡರ್ ಒಳಗಿನ ಅದರ ಪ್ರತಿರೂಪವನ್ನು ಯಾರೂ ಸೇರಿಸಲಿಲ್ಲ. ಸ್ಕ್ರಿಪ್ಟ್ ನನ್ನದು, ಹಾಗಾಗಿ ತಪ್ಪೂ ನನ್ನದೇ ಅನ್ನಿ.

ಆದರೂ ಒಂದು ದೂರು ಇದೆ. ಜಿಡಿಬಿ ‘ಡಿಬಗ್ ಸಿಂಬಲ್ ಸಿಗಲಿಲ್ಲ’ ಅಂತ ಒಂದು ಸಾಲು ಹೇಳಿ ಸುಮ್ಮನಾಗುತ್ತದೆ. ಎಲ್ಲೆಲ್ಲಿ ನೋಡಿದೆ ಅಂತ ಹೇಳುವುದಿಲ್ಲ. ಹೇಳಿಸಬೇಕಾದರೆ ಫೈಲ್ ಲೋಡ್ ಆಗುವ ಮೊದಲೇ ‘ಸೆಟ್ ಡಿಬಗ್ ಸೆಪರೇಟ್-ಡಿಬಗ್-ಫೈಲ್ ಆನ್’ ಅನ್ನಬೇಕು. ಆಗ ನೋಡಿದ ಒಂದೊಂದೇ ದಾರಿ ಬರೆಯುತ್ತದೆ. ಇದು ಗೊತ್ತಾಗುವ ಹೊತ್ತಿಗೆ ನನ್ನ ಅರ್ಧ ರಾತ್ರಿ ಹೋಗಿತ್ತು.

ಆ ರಾತ್ರಿಗೆ ಒಂದು ಸಿಮ್‌ಲಿಂಕ್ ಹಾಕಿ ಕೆಲಸ ಮುಗಿಸಿದೆ. ಮತ್ತೆ ಅಂಟಿಸಿದರೆ ಹೆಸರು, ಸಾಲಿನ ನಂಬರ್ ಎಲ್ಲ ಬಂತು. ತೂಕದ ಯಂತ್ರದಿಂದ ಬಂದ ಅಕ್ಷರಗಳ ಬಫರ್ ಪ್ರಿಂಟ್ ಮಾಡಿದರೆ ಮೊದಲ ಅಕ್ಷರವೇ ಮೈನಸ್. ಗೋಣಿ ಎತ್ತಿದಾಗ ಹಲಗೆ ಸ್ವಲ್ಪ ಮೇಲೆದ್ದು ಯಂತ್ರ ಸೊನ್ನೆಗಿಂತ ಕಡಿಮೆ ತೂಕ ಕಳಿಸುತ್ತಿತ್ತು. ಅಂಕೆ ಬರುವವರೆಗೆ ನನ್ನ ಲೂಪ್ ಅದೇ ಮೈನಸ್ಸನ್ನು ನೋಡುತ್ತಾ ಕಾಯುತ್ತಿತ್ತು. ಅಂಗಡಿಯವರು ಹೇಳಿದ್ದು ಅಕ್ಷರಶಃ ಸರಿ.

ಸಿಮ್‌ಲಿಂಕ್ ತೇಪೆ ಮಾತ್ರ. ಸರಿಯಾದ ದಾರಿ ಬಿಲ್ಡ್-ಐಡಿ. ನಮ್ಮೂರಲ್ಲಿ ಮನೆಗೆ ನಂಬರೂ ಇದೆ, ಹೆಸರೂ ಇದೆ ಅಲ್ವಾ? ವಾರ್ಡ್ ಬದಲಾದರೆ ನಂಬರ್ ಬದಲಾಗುತ್ತದೆ, ಆದರೆ ಪೋಸ್ಟಿನವರು ಮನೆ ಹೆಸರು ನೋಡಿ ಕಾಗದ ತಲುಪಿಸುತ್ತಾರೆ. ಬಿಲ್ಡ್-ಐಡಿ ಅಂತಹ ಹೆಸರು. ಸಾಮಾನ್ಯವಾಗಿ 20 ಬೈಟ್, ಬರೆದರೆ 40 ಅಕ್ಷರ. ಮೊದಲ 2 ಅಕ್ಷರ ಫೋಲ್ಡರಿನ ಹೆಸರು, ಉಳಿದ 38 ಫೈಲಿನ ಹೆಸರು. ಪ್ರೋಗ್ರಾಂ ಎಲ್ಲಿಗೆ ಹೋದರೂ ಇದು ಒಳಗೇ ಇರುತ್ತದೆ, ಜಿಡಿಬಿ ದಾರಿಗಿಂತ ಮೊದಲು ನೋಡುವುದೂ ಇದನ್ನೇ. ನನ್ನ ಹಳೆ ಮೇಕ್‌ಫೈಲ್ (ಪ್ರೋಗ್ರಾಂ ಕಟ್ಟುವ ಸೂಚನೆಗಳ ಫೈಲ್) ತುಣುಕುಗಳನ್ನು ಜೋಡಿಸುವ ಲಿಂಕರನ್ನು ನೇರವಾಗಿ ಕರೆಯುತ್ತಿತ್ತು, ಹಾಗಾಗಿ ಬಿಲ್ಡ್-ಐಡಿಯೇ ಇರಲಿಲ್ಲ. ಒಂದು ಆಯ್ಕೆ ಸೇರಿಸಿದೆ, ಅಷ್ಟೇ. ನಿಮ್ಮದರಲ್ಲಿ ಇದೆಯೋ ಇಲ್ಲವೋ ನೋಡಲು ‘ರೀಡೆಲ್ಫ್ -ಎನ್’ ಸಾಕು.

ಡೆಬಿಯನ್‌ನದೇ ಪ್ಯಾಕೇಜುಗಳ ಸಿಂಬಲ್ ಬೇಕಾದರೆ ಡಿಬಗ್‌ಇನ್ಫೋಡಿ ಅನ್ನುವ ಸೇವೆ ಇದೆ. 2019ರಲ್ಲಿ ಬಂದದ್ದು, ಜಿಡಿಬಿ 10ರಿಂದ ಬಳಸಬಹುದು. ಬಿಲ್ಡ್-ಐಡಿ ಕೊಟ್ಟು ನೆಟ್‌ನಿಂದ ತಾನೇ ಇಳಿಸಿಕೊಳ್ಳುತ್ತದೆ. ಒಳ್ಳೆಯದೇ, ಆದರೆ ಆಟಿ ಮಳೆಯಲ್ಲಿ ನೆಟ್ ಕುಂಟುವಾಗ ಅಲ್ಲ. ಕನಿಷ್ಠ ವೇಗ ಸಿಗದಿದ್ದರೆ 90 ಸೆಕೆಂಡ್ ಕಾದು ಕೈಬಿಡುತ್ತದೆ. ಒಂದು ವಾರ ಮುಟ್ಟದ ಫೈಲನ್ನು, ಇಳಿಸಿದ್ದನ್ನು ಕೂಡಿಡುವ ಕ್ಯಾಶ್‌ನಿಂದ ಗುಡಿಸಿಯೂ ಬಿಡುತ್ತದೆ. ಕ್ಯಾಶ್ ಫೋಲ್ಡರಿನಲ್ಲೇ ಆ ಅವಧಿಯ ಸೆಕೆಂಡ್ ಬರೆದ ಫೈಲ್ ಇದೆ, 604800 ಅಂತ. ನಾನು ಅದರ ಹಿಂದೆ ಒಂದು ಸೊನ್ನೆ ಜಾಸ್ತಿ ಸೇರಿಸಿದ್ದೇನೆ.

ವ್ಯಾಲ್‌ಗ್ರಿಂಡ್ (ಮೆಮೊರಿ ಬಳಕೆಯ ತಪ್ಪು ಹಿಡಿಯುವ ಸಾಧನ) ಬಳಸುವವರಿಗೂ ಒಂದು ಮಾತು. ಅದು ಜಿಡಿಬಿಯಷ್ಟು ತಾಳ್ಮೆಯದ್ದಲ್ಲ. ಪ್ರೋಗ್ರಾಮಿಗೆ ಬೇಕಾದ ಲೈಬ್ರರಿ ತುಂಬುವ ಡೈನಾಮಿಕ್ ಲೋಡರಿನ ಸಿಂಬಲ್ ಸಿಗದಿದ್ದರೆ ಅದರ ಮೆಮೊರಿ ತಪಾಸಕ ಮೆಮ್‌ಚೆಕ್ ಶುರುವೇ ಆಗುವುದಿಲ್ಲ. ಆದರೆ ಯಾವ ಪ್ಯಾಕೇಜ್ ಹಾಕಬೇಕು ಅಂತ ಬಾಯಿಬಿಟ್ಟು ಹೇಳುತ್ತದೆ. ಜಿಡಿಬಿ ಕಲಿಯಬೇಕಾದದ್ದು ಇದನ್ನೇ.

5ಕ್ಕೆ 4 ಕೊಡುತ್ತೇನೆ. ಕಳೆದ ಒಂದು, ಹುಡುಕಿದ ದಾರಿ ಹೇಳದ್ದಕ್ಕೆ. ಬೇರೆ ಡಿಬಗರಿಗೆ ಹೋಗುವ ಯೋಚನೆ ಇಲ್ಲ. ನೀರ್ಚಾಲಿನ ಇನ್ನೊಂದು ಅಂಗಡಿಯಲ್ಲಿ ಇನ್ನೂ ಹಳೆ ಡೆಬಿಯನ್ ಓಡುತ್ತಿದೆ, ಅದಕ್ಕೆ ಮೊದಲು ಬಿಲ್ಡ್-ಐಡಿ ಇರುವ ಪ್ರೋಗ್ರಾಂ ಹಾಕಿ, ಆಮೇಲೆ ಅಪ್‌ಗ್ರೇಡ್ ಮಾಡಬೇಕು.