ನಮ್ಮ ಶಿಟ್ಜುಗೆ ಉಣುಗಿನ ಮಾತ್ರೆ: ತೀರ್ಥಹಳ್ಳಿ ಕಡೆಯ ತೋಟದ ಮನೆಯಿಂದ

ಮಲೆನಾಡಿನಲ್ಲಿ ಸಣ್ಣ ತಳಿಯ ನಾಯಿ ಸಾಕುವವರು ಬೇರೆ ಯಾವ ಖರ್ಚು ಉಳಿಸಿದರೂ ಸರಿ, ಉಣುಗಿನ ಔಷಧಿಯ ಖರ್ಚು ಮಾತ್ರ ಉಳಿಸಬೇಡಿ. ನಾನು ಬರೆಯುತ್ತಿರುವುದು ಬ್ರಾವೆಕ್ಟೋ ಎಂಬ ಅಗಿಯುವ ಮಾತ್ರೆಯ ಬಗ್ಗೆ. ಜೊತೆಗೆ ನೆಕ್ಸ್‌ಗಾರ್ಡ್ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಎರಡನ್ನೂ ಬಳಸಿದ್ದೇವೆ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಒಳಗೆ ಸಿಗುವ ತೋಟದ ಮನೆ. ನಾಯಿಯ ಹೆಸರು ಬೆಳ್ಳಿ, ಶಿಟ್ಜು ತಳಿ, ತೂಕ ಆರು ಕಿಲೋದ ಆಸುಪಾಸು. ಬೆಂಗಳೂರಿನಲ್ಲಿರುವ ಮಗಳು ಮರಿಯಾಗಿದ್ದಾಗಲೇ ತಂದು ಕೊಟ್ಟಳು.

ಶಿಟ್ಜು ಟಿಬೆಟ್ ಮೂಲದ್ದು, ಚೀನಾದ ಅರಮನೆಯಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳಲು ಬೆಳೆಸಿದ ತಳಿ. ದೊಡ್ಡ ಕಣ್ಣು, ಮೋಟು ಮೂಗು, ಜೋತುಬಿದ್ದ ಕಿವಿ, ನೆಲಕ್ಕೆ ತಾಗುವ ಕೂದಲು. ಇಂಥ ನಾಯಿ ನಮ್ಮ ಅಂಗಳಕ್ಕೆ ಬಂದರೆ ಏನಾಗುತ್ತದೆ ಯೋಚಿಸಿ. ಹಿಂದೆ ಕೊಟ್ಟಿಗೆ, ಕೊಟ್ಟಿಗೆಗೆ ಹಾಸಲು ಕಾಡಿನಿಂದ ತಂದ ದರಗು, ಪಕ್ಕದಲ್ಲಿ ತೋಟ, ತೋಟದಾಚೆ ಬೆಟ್ಟ. ಊರ ನಾಯಿಗೆ ಕೂದಲು ಚಿಕ್ಕದು. ಉಣುಗು ಹತ್ತಿದರೆ ದೂರದಿಂದಲೇ ಕಾಣುತ್ತದೆ. ಬೆಳ್ಳಿಯ ಮೈಯಲ್ಲಿ ಕಾಳಿನಷ್ಟು ಊದಿದ ಮೇಲೂ ಕೈಗೆ ಸಿಗುವುದು ಕಷ್ಟ. ಕಿವಿಯ ಒಳಮಡಿಕೆ, ಬೆರಳುಗಳ ನಡುವೆ, ಬಾಲದ ಬುಡ, ತೊಡೆಯ ಸಂದು, ಅಡಗುವುದೆಲ್ಲ ಅಲ್ಲೇ.

ರಕ್ತ ಕುಡಿಯುವುದಷ್ಟೇ ಆಗಿದ್ದರೆ ಕಿತ್ತು ಹಾಕಿ ಸುಮ್ನೆ ಇರಬಹುದಿತ್ತು. ಭಯ ಇರುವುದು ಉಣುಗು ಜ್ವರದ್ದು. ನಾಯಿಯ ಮೈಮೇಲೆ ಸಾಮಾನ್ಯವಾಗಿ ಕಾಣುವ ಕಂದು ಉಣುಗು ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಹರಡುತ್ತದೆ. ಬೆಬೀಸಿಯಾ ಎಂಬ ಇನ್ನೊಂದು ರೋಗಾಣುವೂ ಉಣುಗಿನಿಂದಲೇ ಬರುತ್ತದೆ, ಅದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಪಕ್ಕದ ಮನೆಯ ಪೊಮೆರೇನಿಯನ್‌ಗೆ ಎರ್ಲಿಕಿಯಾ ಆದಾಗ ನಾನೂ ಜೊತೆಗೆ ಹೋಗಿದ್ದೆ. ಎರಡು ದಿನ ಊಟ ಬಿಟ್ಟಿತ್ತು. ಒಸಡು ಬಿಳಿಚಿಕೊಂಡಿತ್ತು. ಮೂಗಿನಲ್ಲಿ ಸಣ್ಣಗೆ ರಕ್ತ. ಡಾಕ್ಟರು ಪ್ಲೇಟ್‌ಲೆಟ್ ಇಳಿದಿದೆ ಎಂದು ರಕ್ತ ಪರೀಕ್ಷೆಯಲ್ಲಿ ನೋಡಿ ಡಾಕ್ಸಿಸೈಕ್ಲಿನ್ ಶುರು ಮಾಡಿದರು. ಆ ಮಾತ್ರೆಯನ್ನು ನಾಲ್ಕು ವಾರದ ತನಕ ಬಿಡದೆ ಕೊಡಬೇಕು. ನಾಯಿ ಬದುಕಿತು. ಆದರೆ ಸಣ್ಣ ನಾಯಿಯ ಮೈಯಲ್ಲಿ ರಕ್ತ ಇರುವುದೇ ಕಡಿಮೆ ಅಲ್ವಾ? ಕಾಯಲು ಹೆಚ್ಚು ಸಮಯ ಇರುವುದಿಲ್ಲ. ಬೆಬೀಸಿಯಾ ಆದರೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಅದನ್ನು ಕಂಡರೆ ನಾಳೆ ನೋಡೋಣ ಎನ್ನಬೇಡಿ, ಅವತ್ತೇ ಹೊರಡಿ. ಇಲ್ಲಿಂದ ಮಂಡಗದ್ದೆ ದಾಟಿ ಶಿವಮೊಗ್ಗ ಮುಟ್ಟುವುದೇ ಒಂದು ಪ್ರಯಾಣ. ಅಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇರುವುದು ನಮ್ಮ ಕಡೆಯವರಿಗೆ ದೊಡ್ಡ ಧೈರ್ಯ.

ಈಗ ಮಾತ್ರೆಯ ವಿಷಯ. ಬ್ರಾವೆಕ್ಟೋದಲ್ಲಿರುವ ಔಷಧಿ ಫ್ಲುರಾಲನರ್. ನೆಕ್ಸ್‌ಗಾರ್ಡ್‌ನಲ್ಲಿರುವುದು ಅಫಾಕ್ಸೊಲನರ್. ಎರಡೂ ಒಂದೇ ಗುಂಪಿನವು. ಬ್ರಾವೆಕ್ಟೋ ಹನ್ನೆರಡು ವಾರ ಕೆಲಸ ಮಾಡುತ್ತದೆ, ನೆಕ್ಸ್‌ಗಾರ್ಡ್ ತಿಂಗಳಿಗೊಮ್ಮೆ ಕೊಡಬೇಕು. ನಾಯಿ ತಿಂದ ಮೇಲೆ ಔಷಧಿ ರಕ್ತಕ್ಕೆ ಸೇರುತ್ತದೆ. ಉಣುಗು ಕಚ್ಚಿ ಹೀರಿದಾಗ ಅದರ ನರಗಳು ಹಿಡಿತ ತಪ್ಪಿ ಸಾಯುತ್ತದೆ. ಚಿಗಟಕ್ಕೂ ಆಗುತ್ತದೆ. ಜಂತುಹುಳಕ್ಕೆ ಬ್ರಾವೆಕ್ಟೋ ಮಾತ್ರೆ ಆಗುವುದಿಲ್ಲ, ಅದರ ಔಷಧಿ ಬೇರೆಯೇ ಹಾಕಿಸಬೇಕು.

ಕತ್ತಿನ ಹಿಂದೆ ಹನಿ ಬಿಡುವ ಔಷಧಿ ಬಿಟ್ಟು ಮಾತ್ರೆಯೇ ಏಕೆ ಎಂದು ಕೇಳಬಹುದು. ಹನಿ ಔಷಧಿ ಕೆಟ್ಟದ್ದಲ್ಲ. ಬಯಲುಸೀಮೆಯಲ್ಲಿ, ಒಣ ಮನೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಫಿಪ್ರೊನಿಲ್ ಎಂಬ ಹನಿ ಔಷಧಿ ಹಾಕುವ ಎರಡು ದಿನ ಮೊದಲು, ಎರಡು ದಿನ ಆಮೇಲೆ ನಾಯಿಯ ಮೈ ಒದ್ದೆ ಆಗಬಾರದು. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗುಂಬೆ ಬುಡದಲ್ಲಿ ನಾಲ್ಕು ದಿನ ಒದ್ದೆಯಾಗದೆ ಇರುವ ನಾಯಿ ಎಲ್ಲಿದೆ ಹೇಳಿ! ಮೂತ್ರಕ್ಕೆ ಅಂಗಳಕ್ಕೆ ಬಿಟ್ಟರೂ ಹೊಟ್ಟೆಯ ಕೂದಲೆಲ್ಲ ತೊಯ್ದಿರುತ್ತದೆ. ಮೇಲಾಗಿ ಶಿಟ್ಜುವಿನ ಒತ್ತು ಕೂದಲಿನಲ್ಲಿ ಹನಿ ಚರ್ಮದ ತನಕ ಇಳಿಯಬೇಕು, ಅದೂ ಒಂದು ಕೆಲಸ. ಔಷಧಿ ಇರುವ ಕೊರಳಪಟ್ಟಿ ನನಗೆ ಈ ತಳಿಗೆ ಒಗ್ಗುವುದಿಲ್ಲ ಅನಿಸಿತು. ಕತ್ತಿನ ಕೂದಲು ಗಂಟು ಬೀಳುತ್ತದೆ, ಮೊಮ್ಮಗ ಬಂದರೆ ಇಡೀ ದಿನ ತಬ್ಬಿಕೊಂಡೇ ಇರುತ್ತಾನೆ. ಮಾತ್ರೆಗೆ ಮಳೆಯ ಹಂಗಿಲ್ಲ, ಸ್ನಾನದ ಹಂಗಿಲ್ಲ, ಮಗುವಿನ ಕೈಗೆ ಔಷಧಿ ಹತ್ತುವ ಚಿಂತೆಯೂ ಇಲ್ಲ. ಮಲೆನಾಡಿಗೆ ಮಾತ್ರೆ ಸರಿ ಎಂದು ನಾನು ಹೇಳುವುದು ಇದಕ್ಕೇ.

ಬೆಲೆಯ ಮಾತು ಬರಲೇಬೇಕು. ಬೆಳ್ಳಿಯ ತೂಕಕ್ಕೆ ಬೇಕಾದ ಬ್ರಾವೆಕ್ಟೋ ಒಂದು ಮಾತ್ರೆಗೆ ಸಾವಿರ ರೂಪಾಯಿ ದಾಟುತ್ತದೆ. ಮೊದಲ ಸಲ ಬಿಲ್ಲು ನೋಡಿ ನಮ್ಮತ್ತೆ, "ಒಂದು ಮಾತ್ರೆಗೆ ಇಷ್ಟು ದುಡ್ಡಾ ಮಾರಾಯ್ತಿ? ದನಕ್ಕೆ ಹೊಡೆಯುವ ಔಷಧಿ ಅಟ್ಟದ ಮೇಲೇ ಇದೆಯಲ್ಲ" ಎಂದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತದೆ. ದಯವಿಟ್ಟು ಮಾಡಬೇಡಿ. ಕೊಟ್ಟಿಗೆಯ ಔಷಧಿಗಳು ಮುನ್ನೂರು ನಾನ್ನೂರು ಕಿಲೋದ ಪ್ರಾಣಿಗೆಂದು ಮಾಡಿದ್ದು. ಅಂದಾಜಿನಲ್ಲಿ ನೀರು ಬೆರೆಸಿ ಆರು ಕಿಲೋದ ನಾಯಿಗೆ ಹಚ್ಚಿದರೆ, ಅದು ಮೈ ನೆಕ್ಕಿಕೊಂಡರೆ ವಿಷವೇ. ದನದ ಉಣುಗಿಗೆ ಬಳಸುವ ಅಮಿಟ್ರಾಜ್ ಎಂಬ ಔಷಧಿ ಜಾಸ್ತಿಯಾದರೆ ನಾಯಿ ಮಂಕಾಗಿ ಬೀಳುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ಫಿನೈಲು ಇವು ಯಾವುವೂ ಬೇಡ. ನಮ್ಮತ್ತೆಗೆ ಇದನ್ನೆಲ್ಲ ಕೂತು ಹೇಳಿದೆ. ಈಗ ಮಾತ್ರೆಯ ದಿನ ಹತ್ತಿರ ಬಂದರೆ ಗೋಡೆಯ ಕ್ಯಾಲೆಂಡರ್ ನೋಡಿ ನೆನಪಿಸುವವರೇ ಅವರು.

ದುಡ್ಡು ಉಳಿಸಲು ದೊಡ್ಡ ನಾಯಿಯ ಮಾತ್ರೆ ತಂದು ಎರಡು ಸಣ್ಣ ನಾಯಿಗೆ ಪಾಲು ಮಾಡುವವರೂ ಇದ್ದಾರೆ. ಮಾತ್ರೆಯನ್ನು ಮುರಿಯಬಾರದು ಎಂದು ಜೊತೆಗೆ ಬರುವ ಚೀಟಿಯಲ್ಲೇ ಇದೆ. ಅರ್ಧದಲ್ಲಿ ಅರ್ಧದಷ್ಟೇ ಔಷಧಿ ಇದೆ ಎಂದು ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ. ಬ್ರಾವೆಕ್ಟೋದಲ್ಲಿ ಎರಡರಿಂದ ನಾಲ್ಕೂವರೆ ಕಿಲೋಗೆ 112.5 ಮಿಲಿಗ್ರಾಂ, ಅದಕ್ಕಿಂತ ಮೇಲೆ ಹತ್ತು ಕಿಲೋ ತನಕ 250 ಮಿಲಿಗ್ರಾಂ. ಶಿಟ್ಜು ಇರುವವರು ಈ ನಾಲ್ಕೂವರೆಯ ಗೆರೆ ಚೆನ್ನಾಗಿ ನೋಡಿಕೊಳ್ಳಬೇಕು. ಈ ತಳಿಯಲ್ಲಿ ನಾಲ್ಕು ಕಿಲೋದ ನಾಯಿಯೂ ಇರುತ್ತದೆ, ಏಳರದ್ದೂ ಇರುತ್ತದೆ. ಅಷ್ಟು ಕೂದಲಿನ ನಡುವೆ ನೋಡಿದರೆ ತೂಕ ತಿಳಿಯುವುದಿಲ್ಲ. ನಾವು ಅಡಿಕೆ ತೂಗುವ ತಕ್ಕಡಿಯ ಮೇಲೆ ಬುಟ್ಟಿಯಲ್ಲಿ ಕೂರಿಸಿ, ಬುಟ್ಟಿಯ ತೂಕ ಕಳೆಯುತ್ತೇವೆ.

ಕೊಡುವುದು ಸುಲಭ. ಮಾಂಸದ ರುಚಿ ಬರುವ ಹಾಗೆ ಮಾಡಿದ್ದಾರೆ. ನಮ್ಮ ಮನೆಯಲ್ಲಿ ಮೀನು ಮಾಂಸ ಇಲ್ಲ, ಬೆಳ್ಳಿಯ ಊಟವೂ ಚೀಲದ ಆಹಾರ, ಅನ್ನ, ಮೊಸರು. ಮಾತ್ರೆಯ ಬಗ್ಗೆ ಸ್ವಲ್ಪ ಹಿಂಜರಿಕೆ ಇತ್ತು. ನಮ್ಮ ಯಜಮಾನರೇ "ಅದಕ್ಕೆ ಅದು ಔಷಧಿ, ಕೊಡು" ಎಂದರು, ಅಲ್ಲಿಗೆ ಮುಗಿಯಿತು. ಬೆಳ್ಳಿ ಕೈಯಿಂದಲೇ ತಿನ್ನುತ್ತಾಳೆ. ಊಟದ ಜೊತೆಗೆ, ಇಲ್ಲವೇ ಊಟವಾದ ಕೂಡಲೇ ಕೊಡಿ. ಬ್ರಾವೆಕ್ಟೋ ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಮೈಗೆ ಸೇರುವುದಿಲ್ಲ. ಪೂರ್ತಿ ನುಂಗಿತಾ ಎಂದು ನೋಡಿ, ಆಮೇಲೆ ಸ್ವಲ್ಪ ಹೊತ್ತು ಜಗಲಿಯ ಮೇಲೇ ಇಟ್ಟುಕೊಳ್ಳಿ. ಅಂಗಳದಲ್ಲಿ ಉಗುಳಿದರೆ ಗೊತ್ತಾಗುವುದಿಲ್ಲ.

ಬೆಳ್ಳಿಗೆ ಇದು ಚೆನ್ನಾಗಿ ಹಿಡಿಸಿದೆ. ಮೈಮೇಲೆ ಸಿಗುವ ಉಣುಗು ಹೆಚ್ಚಾಗಿ ಸತ್ತು ಒಣಗಿದ್ದೇ ಆಗಿರುತ್ತದೆ, ಬಾಚಿದರೆ ಉದುರುತ್ತದೆ. ಆದರೆ ಎಲ್ಲ ನಾಯಿಗೂ ಇದೇ ಎಂದು ಹೇಳುವ ಧೈರ್ಯ ನನಗಿಲ್ಲ. ಕೆಲವಕ್ಕೆ ವಾಂತಿ, ಭೇದಿ, ಒಂದೆರಡು ದಿನ ಸಪ್ಪಗಿರುವುದು ಆಗಬಹುದು ಎಂದು ಚೀಟಿಯಲ್ಲೇ ಬರೆದಿದೆ. ಇನ್ನೂ ಮುಖ್ಯವಾದದ್ದು ಫಿಟ್ಸ್. 2018ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಗುಂಪಿನ ಎಲ್ಲ ಮಾತ್ರೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಕೆಲವು ನಾಯಿಗಳಲ್ಲಿ ನಡುಕ, ತೂರಾಟ, ಫಿಟ್ಸ್ ಕಾಣಿಸಿಕೊಂಡಿತ್ತು. ಮಾರಾಟ ನಿಲ್ಲಿಸಲಿಲ್ಲ, ಡಾಕ್ಟರ ಜೊತೆ ಮಾತಾಡಿ ಕೊಡಿ ಎಂದರು. ನಿಮ್ಮ ನಾಯಿಗೆ ಒಮ್ಮೆಯಾದರೂ ಫಿಟ್ಸ್ ಬಂದಿದ್ದರೆ ಮಾತ್ರೆಗೆ ಮೊದಲೇ ಡಾಕ್ಟರಿಗೆ ಹೇಳಿ. ಅಂಗಡಿಯಲ್ಲಿ ಸುಮ್ನೆ ಕೇಳಿ ತರುವ ವಸ್ತು ಇದಲ್ಲ.

ಈ ಕಾರಣಕ್ಕೇ ಮೊದಲ ಬಾರಿಗೆ ನೆಕ್ಸ್‌ಗಾರ್ಡ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಒಗ್ಗದಿದ್ದರೂ ಒಂದು ತಿಂಗಳ ಔಷಧಿ ಮಾತ್ರ ಮೈಯಲ್ಲಿರುತ್ತದೆ. ಮರಿಗೂ ಅದೇ ಸರಿ. ಬೆಳೆಯುವ ಮರಿ ಮೂರು ತಿಂಗಳಲ್ಲಿ ತೂಕದ ಗೆರೆ ದಾಟಿಬಿಡುತ್ತದೆ. ಎರಡು ಕಿಲೋಗಿಂತ ಕಡಿಮೆ ಇರುವ ಮರಿಗೆ ಎರಡೂ ಬೇಡ. ಬೆಳ್ಳಿಗೆ ನಾವು ಹೀಗೇ ನೆಕ್ಸ್‌ಗಾರ್ಡ್‌ನಿಂದ ಶುರು ಮಾಡಿ, ತೂಕ ನಿಂತ ಮೇಲೆ ಬ್ರಾವೆಕ್ಟೋಗೆ ಬಂದೆವು. ಕೊಯ್ಲಿನ ಸಮಯದಲ್ಲಿ ಮನೆ ತುಂಬ ಜನ, ಅಡಿಕೆ ಸುಲಿಯುವ ಗಡಿಬಿಡಿ. ತಿಂಗಳ ಲೆಕ್ಕ ತಪ್ಪುವುದಕ್ಕಿಂತ ಹನ್ನೆರಡು ವಾರದ್ದೇ ನಮಗೆ ಅನುಕೂಲ.

ಮಾತ್ರೆ ಏನು ಮಾಡುವುದಿಲ್ಲ ಎಂಬುದೂ ಗೊತ್ತಿರಬೇಕು. ಇದು ಉಣುಗನ್ನು ಓಡಿಸುವುದಿಲ್ಲ, ಕಚ್ಚಿದ ಮೇಲೆ ಕೊಲ್ಲುತ್ತದೆ. ಕಚ್ಚಿ ಸಾಯುವ ತನಕ ಕೆಲವು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಎರ್ಲಿಕಿಯಾ ದಾಟುವ ಸಾಧ್ಯತೆ ಪೂರ್ತಿ ಇಲ್ಲ ಎನ್ನಲಾಗದು. ಹಾಗಾಗಿ ಸಂಜೆ ಬಾಚುವುದನ್ನು ಬಿಟ್ಟಿಲ್ಲ. ಸಿಕ್ಕಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ಸೋಪಿನ ನೀರಿಗೆ ಹಾಕುತ್ತೇನೆ. ಉಗುರಿನಲ್ಲಿ ಕುಕ್ಕುವ ಅಭ್ಯಾಸ ಬೇಡ. ಕಂದು ಉಣುಗು ಗೋಡೆಯ ಬಿರುಕಿನಲ್ಲಿ, ಕಂಬದ ಸಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಮ್ಮಂಥ ಹಳೆಯ ಮಣ್ಣಿನ ಗೋಡೆಯ ಮನೆಯಲ್ಲಿ ಬಿರುಕಿಗೇನು ಬರ! ಬೆಳ್ಳಿ ಮಲಗುವ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಬಿಸಿಲು ಇಲ್ಲದ ದಿನ ಒಲೆಯ ಹತ್ತಿರ ಒಣಗಿಸುತ್ತೇವೆ. ಇಂಬಳಕ್ಕೆ ಈ ಮಾತ್ರೆ ಅಲ್ಲ. ಮಳೆಗಾಲದಲ್ಲಿ ಬೆರಳ ಸಂದು ನೋಡಲೇಬೇಕು. ಕಿವಿ ಒದ್ದೆ ಉಳಿದರೆ ವಾಸನೆ, ಕೆರೆತ ಶುರುವಾಗುತ್ತದೆ. ಅದಕ್ಕೂ ಮಾತ್ರೆಗೂ ಸಂಬಂಧವಿಲ್ಲ, ಒಣಬಟ್ಟೆಯೇ ಮದ್ದು.

ಮಂಗನ ಕಾಯಿಲೆಯ ಬಗ್ಗೆ ಬಹಳ ಜನ ಕೇಳುತ್ತಾರೆ, ನಾಯಿಗೆ ಮಾತ್ರೆ ಕೊಟ್ಟರೆ ನಮಗೆ ರಕ್ಷಣೆಯೇ ಎಂದು. ಅಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ ಈ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣುಗು, ಮನೆಯ ನಾಯಿಯಲ್ಲಿ ಕಾಣುವ ಕಂದು ಉಣುಗಲ್ಲ. ಕಾಡಿನಂಚಿಗೆ ಹೋದ ನಾಯಿಯ ಕೂದಲಿನಲ್ಲಿ, ಇನ್ನೂ ಕಚ್ಚದ ಮರಿ ಉಣುಗು ಮನೆಯೊಳಗೆ ಬರಬಹುದು. ಮಾತ್ರೆ ಅದನ್ನು ತಡೆಯುವುದಿಲ್ಲ. ಡಿಸೆಂಬರ್‌ನಿಂದ ಮಳೆ ಬೀಳುವ ತನಕ ನಾವು ಬೆಳ್ಳಿಯನ್ನು ದರಗಿನ ರಾಶಿಯ ಹತ್ತಿರ, ಬೆಟ್ಟದ ದಾರಿಗೆ ಬಿಡುವುದೇ ಇಲ್ಲ. ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಮನುಷ್ಯರ ಚರ್ಮಕ್ಕೆ. ನಾಯಿಗೆ ಹಚ್ಚಬೇಡಿ, ನೆಕ್ಕಿಕೊಳ್ಳುತ್ತದೆ.

ಪಗ್, ಪೊಮೆರೇನಿಯನ್, ಲಾಸಾ ಇರುವವರಿಗೂ ಇದೇ ಮಾತು. ಪಗ್ ಸಾಕಿದವರು ತೂಕದ ಬಗ್ಗೆ ಇನ್ನೂ ಹುಷಾರಾಗಿರಿ. ಹತ್ತು ಕಿಲೋ ದಾಟಿದರೆ ಮಾತ್ರೆಯೂ ಮುಂದಿನ ಅಳತೆಗೆ ಹೋಗುತ್ತದೆ, ಮೊದಲೇ ಕಷ್ಟದ ಉಸಿರಾಟವೂ ಜಾಸ್ತಿ ಕಷ್ಟವಾಗುತ್ತದೆ. ತೀರ್ಥಹಳ್ಳಿಯಲ್ಲಿ ಬೇಕಾದ ಅಳತೆ ಯಾವಾಗಲೂ ಇರುವುದಿಲ್ಲ. ನಾವು ವಾರ ಮೊದಲೇ ಫೋನ್ ಮಾಡಿ ಹೇಳಿಡುತ್ತೇವೆ, ಇಲ್ಲವೇ ಶಿವಮೊಗ್ಗಕ್ಕೆ ಹೋದವರ ಹತ್ತಿರ ತರಿಸುತ್ತೇವೆ. ಯಾರ ಕೈಯಲ್ಲಿ ತರಿಸಿದರೂ ಪೊಟ್ಟಣ ಒಡೆದಿರಬಾರದು. ಅದರ ಮೇಲಿನ ತೂಕದ ಅಂಕಿ, ಅವಧಿ ಮುಗಿಯುವ ತಾರೀಖು ಎರಡನ್ನೂ ಓದಿ ಹೇಳಲು ತಿಳಿಸಿ, ಆಮೇಲೆ ದುಡ್ಡು ಕೊಡಿಸಿ.