ದಪ್ಪ ಪಿಎಸ್5 ಜೊತೆ ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ನಾಲ್ಕು ವರ್ಷ

ಮೊದಲೇ ಹೇಳಿಬಿಡುತ್ತೇನೆ, ನನ್ನ ಹತ್ತಿರ ಇರುವುದು ಪಿಎಸ್5, ಅಂದರೆ ಸೋನಿಯ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲಿನ ಹಳೆಯ ದಪ್ಪ ಮಾಡೆಲ್, ಡಿಸ್ಕ್ ಹಾಕುವಂಥದ್ದು. ಭಾರತಕ್ಕೆ ಅದು ಬಂದಿದ್ದು 2021ರ ಫೆಬ್ರವರಿ 2ರಂದು, ಬೆಲೆ 49,990 ರೂಪಾಯಿ. ಆಗ ಸ್ಟಾಕ್ ಬಂತು ಅಂತ ಗೊತ್ತಾಗಿ ಫೋನ್ ತೆರೆಯುವಷ್ಟರಲ್ಲಿ ಖಾಲಿ ಆಗಿರುತ್ತಿತ್ತು. ನನಗೆ ಸಿಕ್ಕಿದ್ದು ಆ ವರ್ಷದ ದೀಪಾವಳಿ ಹೊತ್ತಿಗೆ. ಊರಿಂದ ಬಂದಿದ್ದ ಅಮ್ಮ ಅದನ್ನು ನೋಡಿ, "ನೀರಿನ ಫಿಲ್ಟರ್ ಹಾಲ್‌ನಲ್ಲಿ ಯಾಕೋ ಇಟ್ಟಿದ್ದಿ?" ಅಂತ ಕೇಳಿದರು. ತಪ್ಪೇನಿಲ್ಲ, ನಿಲ್ಲಿಸಿದರೆ ಹಾಗೇ ಕಾಣುತ್ತದೆ.

ಆಟದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಚೆನ್ನಾಗಿದೆ, ಬೇಗ ಲೋಡ್ ಆಗುತ್ತದೆ, ನಾಲ್ಕು ವರ್ಷದಲ್ಲಿ ಒಮ್ಮೆಯೂ ರಿಪೇರಿಗೆ ಹೋಗಿಲ್ಲ. ನನಗೆ ಹೇಳಬೇಕಾಗಿರುವುದು ಅದರ ಗಾತ್ರದ ಬಗ್ಗೆ. ಯಾಕಂದ್ರೆ ಇನ್ನೂ ತೆಳ್ಳಗಿನ ಪಿಎಸ್5 ಬರಬೇಕಾ ಅನ್ನೋ ಮಾತು ಬಂದಾಗಲೆಲ್ಲ ಎಲ್ಲರೂ ಫೋಟೋದಲ್ಲಿ ಹೇಗೆ ಕಾಣುತ್ತದೆ ಅಂತ ಮಾತಾಡುತ್ತಾರೆ, ನಮ್ಮಂಥ ಮನೆಯಲ್ಲಿ ಅದನ್ನು ಎಲ್ಲಿ ಇಡುವುದು ಅಂತ ಯಾರೂ ಕೇಳುವುದಿಲ್ಲ.

ನಮ್ಮ ಟಿವಿ ಶೋಕೇಸನ್ನು ಸೆಟ್‌ಟಾಪ್ ಬಾಕ್ಸ್ ಕಾಲದಲ್ಲಿ ಮಾಡಿಸಿದ್ದು. ಪ್ರತಿ ಖಾನೆಯೂ ಒಳಗಡೆ 15 ಇಂಚು ಅಗಲ, ಅಂದರೆ 381 ಮಿಲಿಮೀಟರ್. ಕನ್ಸೋಲ್ ಮಲಗಿಸಿದರೆ 390. ಬರೀ ಒಂಬತ್ತು ಮಿಲಿಮೀಟರ್! ಭಾನುವಾರ ಮಿಸ್ತ್ರಿಯನ್ನು ಕರೆಸಿದೆ. ಅವನು ಬೆರಳಲ್ಲೇ ಅಳತೆ ಹಾಕಿ "ಹೋ ಜಾಯೇಗಾ" ಅಂದ. ಮಧ್ಯದ ಪಟ್ಟಿಯನ್ನು ಉಳಿಯಲ್ಲಿ ಕೆತ್ತಿ, ಮೈಕಾ ಕಿತ್ತುಹೋದ ಕಡೆ ಫೆವಿಕಾಲ್ ಹಚ್ಚಿ, ಹೇಗೋ ಮಲಗಿಸಿದ. ಹಿಂದೆ ಎಚ್‌ಡಿಎಂಐ ವೈರು ಗೋಡೆಗೆ ಒತ್ತಿಕೊಂಡು ಅರ್ಧಚಂದ್ರ ಆಯಿತು. ಮುಂದೆ ಗಾಜಿನ ಬಾಗಿಲು ಮುಚ್ಚಿದಾಗ ಹೆಂಡತಿ ಮೆಚ್ಚಿದಳು, ನಾನೂ ಮೆಚ್ಚಿದೆ.

ಆ ಮೆಚ್ಚುಗೆ ಮೇ ತಿಂಗಳವರೆಗೆ. ಒಂದು ಮಧ್ಯಾಹ್ನ ಆಟದ ನಡುವೆ ತುಂಬಾ ಬಿಸಿಯಾಗಿದೆ, ಆಫ್ ಮಾಡಿ ಅಂತ ಪರದೆ ಮೇಲೆ ಬಂತು. ಗಾಜು ಮುಟ್ಟಿದರೆ ಆಗಷ್ಟೇ ಇಳಿಸಿದ ಇಡ್ಲಿ ಪಾತ್ರೆ ಹಾಗಿತ್ತು. ತಪ್ಪು ಪೂರ್ತಿ ನನ್ನದೇ. ಅದರೊಳಗೆ 120 ಮಿಲಿಮೀಟರ್ ಅಗಲದ, 45 ಮಿಲಿಮೀಟರ್ ದಪ್ಪದ ಫ್ಯಾನ್ ಇದೆ. ಮುಂದಿನಿಂದ ಗಾಳಿ ಎಳೆದು ಬಿಸಿಯನ್ನೆಲ್ಲ ಹಿಂದಕ್ಕೆ ದೂಡುತ್ತದೆ. ಹಿಂದೆ ಗೋಡೆ, ಮುಂದೆ ಗಾಜು ಇಟ್ಟರೆ ಬಿಟ್ಟ ಬಿಸಿಯನ್ನೇ ಮತ್ತೆ ಉಸಿರಾಡಬೇಕು. ಅವತ್ತೇ ಬಾಗಿಲು ಕಿತ್ತು ಕನ್ಸೋಲನ್ನು ಹೊರಗೆ, ಮೇಲೆ ನಿಲ್ಲಿಸಿದೆ. ಅಲ್ಲಿಂದ ಇಲ್ಲಿಯವರೆಗೆ ಆ ಎಚ್ಚರಿಕೆ ಮತ್ತೆ ಬಂದಿಲ್ಲ. ಸದ್ದೂ ಇಲ್ಲ. ರಾತ್ರಿ ಹೆಂಡತಿ ಅದೇ ಹಾಲ್‌ನಲ್ಲಿ ದಿವಾನ್ ಮೇಲೆ ಮಲಗಿದ್ದರೂ ನಾನು ಆಡಬಹುದು, ಸೀಲಿಂಗ್ ಫ್ಯಾನಿನ ಟಕ್ ಟಕ್ ಸದ್ದೇ ಇದಕ್ಕಿಂತ ಜಾಸ್ತಿ. ಆ ದಪ್ಪ ಸುಮ್ನೆ ಕೊಟ್ಟಿದ್ದಲ್ಲ ಅಂತ ನನಗೆ ಅರ್ಥ ಆಗಿದ್ದೇ ಆವಾಗ.

ಧೂಳಿನದು ಬೇರೆ ಕಥೆ. ಎದುರಿನ ಅಪಾರ್ಟ್‌ಮೆಂಟ್ ಸೊಸೈಟಿ ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟುವುದಕ್ಕೆ ಹೋಗಿದೆ, ದಿನಕ್ಕೆ ಎರಡು ಸಲ ಒರೆಸಿದರೂ ಟಿವಿ ಮೇಲೆ ಹೆಸರು ಬರೆಯಬಹುದು. ಈ ಮಾಡೆಲ್‌ನಲ್ಲಿ ಬಿಳಿ ಪ್ಲೇಟಿನ ಮೂಲೆ ಎತ್ತಿ ಜಾರಿಸಿದರೆ ಸಾಕು, ಸ್ಕ್ರೂ ಡ್ರೈವರ್ ಬೇಡ. ಧೂಳು ಕೂಡಲೆಂದೇ ಮಾಡಿದ ಎರಡು ತೂತು ಒಳಗೆ ಕಾಣುತ್ತವೆ, ವ್ಯಾಕ್ಯೂಮ್ ಮೂತಿ ಇಟ್ಟರೆ ಮುಗಿಯಿತು. ಮೊದಲ ಸಲ ತೆಗೆದಾಗ ಬೂದು ಬಣ್ಣದ ಹತ್ತಿಯಂಥದ್ದು ಉಂಡೆ ಉಂಡೆ ಬಂತು. ಆಟಗಳನ್ನು ತುಂಬಿಡುವ ಹೆಚ್ಚುವರಿ ಸ್ಟೋರೇಜ್, ಅಂದರೆ ಎಸ್‌ಎಸ್‌ಡಿ ಹಾಕುವ ಜಾಗವೂ ಅದೇ ಪ್ಲೇಟಿನ ಕೆಳಗಿದೆ. ನಾನು 1 ಟಿಬಿಯದು ಹಾಕಿಕೊಂಡೆ, ಯಾಕಂದ್ರೆ 825 ಜಿಬಿ ಅಂತ ಬರೆದಿದ್ದರೂ ಆಟಗಳಿಗೆ ಸಿಗುವುದು 667 ಅಷ್ಟೇ.

ಇನ್ನು ತೂಕ, ನಾಲ್ಕೂವರೆ ಕಿಲೋ. ಒಮ್ಮೆ ಅಕ್ಕನ ಮಗನ ಹಠಕ್ಕೆ ಅದನ್ನು ಮತ್ಸ್ಯಗಂಧ ರೈಲಿನಲ್ಲಿ ಕುಂದಾಪುರಕ್ಕೆ ಒಯ್ದೆ. ಡಬ್ಬಿ ಸಮೇತ ಬರ್ತಿನ ಕೆಳಗೆ ತಳ್ಳಿದರೆ ಎದುರಿನವರ ಬ್ಯಾಗಿಗೆ ಜಾಗ ಇಲ್ಲ. ಕೊನೆಗೆ ಹೊರತೆಗೆದು ಬೆಡ್‌ಶೀಟಲ್ಲಿ ಸುತ್ತಿ, ರಾತ್ರಿಯಿಡೀ ತಲೆಯ ಹತ್ತಿರ ಇಟ್ಟುಕೊಂಡು ಕಾವಲು ಕಾದೆ. ಎಳೆ ಮಗು ಕರ್ಕೊಂಡು ಹೋದ ಹಾಗೆ. ಮತ್ತೆ ಆ ಸಾಹಸ ಮಾಡಲಿಲ್ಲ.

ಮಾಟುಂಗಾದಲ್ಲಿರುವ ಗೆಳೆಯನ ಹತ್ತಿರ ಸ್ಲಿಮ್ ಇದೆ, ಅಂದರೆ ಆಮೇಲೆ ಬಂದ ತೆಳ್ಳಗಿನ ಪಿಎಸ್5. ಕಳೆದ ತಿಂಗಳು ಅವನು ಅದನ್ನು ಆಫೀಸ್ ಬ್ಯಾಗಿನಲ್ಲಿ ಹಾಕಿಕೊಂಡು ಸೆಂಟ್ರಲ್ ಲೈನಿನ ಸ್ಲೋ ಲೋಕಲ್‌ನಲ್ಲಿ ಆರಾಮಾಗಿ ಬಂದ. 3.2 ಕಿಲೋ, 358 ಮಿಲಿಮೀಟರ್. ಪಕ್ಕದಲ್ಲಿ ಇಟ್ಟು ನೋಡಿದಾಗ ಹೊಟ್ಟೆ ಉರೀಲಿಲ್ಲ ಅಂದ್ರೆ ಸುಳ್ಳಾಗುತ್ತದೆ. ನನ್ನ ಖಾನೆಗೆ ಅದು ಕೆತ್ತದೇ ಹೋಗುತ್ತಿತ್ತು. ಆದರೆ ಆಮೇಲೆ ಯೋಚನೆ ಬಂತು: ಹೋಗುತ್ತದೆ ಅಂತಲೇ ನಾನು ಅದನ್ನೂ ಗಾಜಿನ ಹಿಂದೆ ಕೂಡಿಹಾಕುತ್ತಿದ್ದೆ, ಅಲ್ವಾ? ತೆಳ್ಳಗಿರುವುದನ್ನು ನೋಡಿದರೆ ನಮಗೆ ತುರುಕುವ ಆಸೆ ಬರುತ್ತದೆ. ಬಿಸಿ ಹೋಗಲು ಹಿಂದೆ ಬೇಕಾದ ಜಾಗ ಮಾತ್ರ ಸ್ಲಿಮ್‌ಗೂ ಬೇಕೇ ಬೇಕು.

ಹಾಗಾದರೆ ಇನ್ನೂ ತೆಳ್ಳಗಿನದು ಬರಬೇಕಾ? ಬರಲಿ, ಆದರೆ ಮೊದಲು ಚಿಪ್ ಕಡಿಮೆ ಕರೆಂಟ್ ತಿನ್ನುವ ಹಾಗಾಗಲಿ, ಮೈ ಆಮೇಲೆ ಇಳಿಯಲಿ. ಸೋನಿಯದೇ ಹಳೆಯ ಕನ್ಸೋಲ್, 2009ರ ಪಿಎಸ್3 ಸ್ಲಿಮ್ ಹಾಗೆ ಬಂದದ್ದು. ಅದರ ಮುಖ್ಯ ಚಿಪ್ ಸೆಲ್ 45 ನ್ಯಾನೋಮೀಟರ್‌ಗೆ ಇಳಿದಿತ್ತು (ಈ ಅಂಕಿ ಇಳಿದರೆ ಸಾಮಾನ್ಯವಾಗಿ ಚಿಪ್ ತಿನ್ನುವ ಕರೆಂಟೂ ಇಳಿಯುತ್ತದೆ), ಕರೆಂಟ್ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು, ಅಮೆರಿಕದಲ್ಲಿ ಬೆಲೆಯೂ 399 ಡಾಲರ್‌ನಿಂದ 299ಕ್ಕೆ ಬಂತು. ಆ ಕಾಲದಲ್ಲಿ ಸ್ಲಿಮ್ ಅಂದರೆ ಅಗ್ಗ ಅಂತಲೇ ಅರ್ಥ. ಪಿಎಸ್5ನಲ್ಲಿ 6 ನ್ಯಾನೋಮೀಟರ್ ಚಿಪ್ 2022ರಲ್ಲೇ ದಪ್ಪ ಮಾಡೆಲ್ ಒಳಗೆ ಸೇರಿಯಾಗಿತ್ತು. ಮರುವರ್ಷ ಬಂದ ಸ್ಲಿಮ್‌ನಲ್ಲಿ ಇಳಿದಿದ್ದು ಮುಖ್ಯವಾಗಿ ಮೈ ಮಾತ್ರ. ಬೆಲೆ? 2022ರ ನವೆಂಬರ್‌ನಲ್ಲಿ ಇಲ್ಲಿ ದಪ್ಪ ಮಾಡೆಲನ್ನೇ 54,990ಕ್ಕೆ ಏರಿಸಿದರು, 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಕೂಡ ಅದೇ 54,990ಕ್ಕೆ ಬಂತು. ನನಗೆ ಡಬ್ಬಿಯಲ್ಲೇ ಸಿಕ್ಕಿದ್ದ ನಿಲ್ಲಿಸುವ ಸ್ಟ್ಯಾಂಡಿಗೆ ಸ್ಲಿಮ್‌ನವರು ಬೇರೆ ದುಡ್ಡು ಕೊಡಬೇಕು, ಅಮೆರಿಕದಲ್ಲಿ ಹತ್ತಿರ ಹತ್ತಿರ 30 ಡಾಲರ್. ಸ್ಟೋರೇಜ್ 1 ಟಿಬಿ ಆಯಿತು, ಡಿಸ್ಕ್ ಡ್ರೈವ್ ಬಿಚ್ಚಿ ಹಾಕುವಂತಾಯಿತು, ಅದು ನಿಜಕ್ಕೂ ಒಳ್ಳೆಯದು. ಡ್ರೈವ್ ಕೆಟ್ಟರೆ ಇಡೀ ಕನ್ಸೋಲ್ ಹೊತ್ತುಕೊಂಡು ಅಲೆಯಬೇಕಾಗಿಲ್ಲ.

ಹೊಸದಾಗಿ ಕೊಳ್ಳುವವರು, ಅದರಲ್ಲೂ ಪಿಜಿಯಲ್ಲೋ ಬಾಡಿಗೆ ಮನೆಯಲ್ಲೋ ಇರುವವರು, ಸ್ಲಿಮ್ಮೇ ತಗೊಳ್ಳಿ, ಯೋಚನೆ ಬೇಡ. ವರ್ಷಕ್ಕೊಮ್ಮೆ ಮನೆ ಬದಲಾಯಿಸುವವರಿಗೆ ಒಂದು ಕಿಲೋಗಿಂತ ಜಾಸ್ತಿ ತೂಕ ಕಡಿಮೆ ಆಗುವುದು ದೊಡ್ಡ ಮಾತು. ದಪ್ಪದ್ದು ಇದ್ದವರು ಬರೀ ಗಾತ್ರಕ್ಕಾಗಿ ಬದಲಾಯಿಸಬೇಡಿ. ಎಕ್ಸ್‌ಚೇಂಜ್ ಕೇಳಿಕೊಂಡು ನಾನೂ ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಲ್ಯಾಮಿಂಗ್ಟನ್ ರೋಡಿಗೆ ಹೋಗಿದ್ದೆ. ಅವರು ಹೇಳಿದ ರೇಟು ಕೇಳಿ ಕಟಿಂಗ್ ಚಹಾ ಕುಡಿದು ವಾಪಸ್ ಬಂದೆ.

ಶೋಕೇಸಿನ ಗಾಜಿನ ಬಾಗಿಲು ಇನ್ನೂ ಬಾಲ್ಕನಿಯಲ್ಲಿ ಗೋಡೆಗೆ ಒರಗಿಕೊಂಡಿದೆ. ಹಿಡಿಕೆ ಸಮೇತ ಇದೆ, ಯಾರಿಗಾದರೂ ಬೇಕಿದ್ದರೆ ಹೇಳಿ.